ಏಳು ಮಿಲಿಮೀಟರು

ಏಳು ಮಿಲಿಮೀಟರು. ಇನ್ನೊಮ್ಮೆ ಅಳೆದರೂ ಏಳೇ.

ಅವನು ಉಕ್ಕಿನ ಅಳತೆಪಟ್ಟಿಯನ್ನು ಬಾಯಿಂದ ತೆಗೆದು ಕರವಸ್ತ್ರದಲ್ಲಿ ಒರೆಸಿದ. ಕಚೇರಿಯ ಶೌಚಾಲಯದ ಕನ್ನಡಿ ಅಂಚಿನಲ್ಲಿ ಕಪ್ಪಾಗಿತ್ತು. ಅದರಲ್ಲಿ ತುಟಿಯನ್ನು ಬೆರಳಿನಿಂದ ಎತ್ತಿ ಹಿಡಿದವನ ಮುಖ ತನ್ನದೇ ಎಂದು ಒಪ್ಪಲು ಒಂದು ಕ್ಷಣ ಬೇಕಾಯಿತು. ಮೇಲಿನ ಮುಂಬಲ್ಲುಗಳು ಕೆಳಗಿನ ಸಾಲಿಗಿಂತ ಏಳು ಮಿಲಿಮೀಟರು ಮುಂದೆ. ಎಡಗಡೆಯದು ಪಕ್ಕದ್ದರ ಮೇಲೆ ಅರ್ಧ ಹತ್ತಿ ಕೂತಿದೆ. ಬಣ್ಣ ಹಳೆಯ ಕಡತದ್ದು. ನಲವತ್ತಾರು ವರ್ಷಗಳಲ್ಲಿ ಅವನು ತನ್ನ ಹಲ್ಲನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು. ಅದೂ ತನಗಾಗಿ ಅಲ್ಲ. ಇದರಲ್ಲಿ ಮಗಳಿಗೆ ಎಷ್ಟು ಹೋಗಿರಬಹುದು ಎಂಬ ಅಂದಾಜಿಗೆ.

ಹೊರಗಿನಿಂದ ಯಾರೋ ಬಾಗಿಲು ಬಡಿದರು.

"ಒಳಗೆ ಮನೆ ಮಾಡ್ಕೊಂಡ್ರಾ ಸಾರ್?"

ಅವನ ಬಲಗೈ ತಾನಾಗಿ ಬಾಯಿಗೆ ಅಡ್ಡ ಬಂತು. ಮುಚ್ಚಿದ ಬಾಗಿಲಿನ ಆಚೆ ನಿಂತವರಿಗೆ ಏನೂ ಕಾಣುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಅಳತೆಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದ.

ಅಳತೆ ಮತ್ತು ತೂಕದ ಕಚೇರಿಯಲ್ಲಿ ಅವನದು ಪರೀಕ್ಷಕನ ಕೆಲಸ. ಊರಿನ ಅಂಗಡಿಗಳ ತಕ್ಕಡಿ, ಔಷಧದಂಗಡಿಗಳ ಸಣ್ಣ ತ್ರಾಸು, ಬಟ್ಟೆಯವರ ಮೀಟರುಕೋಲು ಎಲ್ಲವೂ ವರ್ಷಕ್ಕೊಮ್ಮೆ ಅವನ ಮೇಜಿಗೆ ಬರುತ್ತವೆ. ಸರಿಯಿದ್ದರೆ ಮುದ್ರೆ, ಇಲ್ಲದಿದ್ದರೆ ವಾಪಸ್ಸು. ಕೋಣೆಯ ಮಧ್ಯದಲ್ಲಿ ಗಾಜಿನ ಮುಚ್ಚಳದ ಕೆಳಗೆ ಒಂದು ಕಿಲೋಗ್ರಾಮಿನ ಮೂಲ ತೂಕದ ಬಟ್ಟು ಇದೆ. ಊರಿನ ಎಲ್ಲ ಕಿಲೋಗ್ರಾಮುಗಳೂ ಅದಕ್ಕೆ ಲೆಕ್ಕ ಒಪ್ಪಿಸಬೇಕು. ಬೆರಳಿನ ಬೆವರು ತಾಗಿದರೂ ಅದರ ತೂಕ ಬದಲಾಗುತ್ತದೆ ಎಂದು ಅದನ್ನು ಇಕ್ಕಳದಿಂದಲೇ ಎತ್ತುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಅದನ್ನು ಒಮ್ಮೆಯೂ ಕೈಯಿಂದ ಮುಟ್ಟಿಲ್ಲ. ಈ ಬಗ್ಗೆ ಅವನಿಗೆ ಸಣ್ಣದೊಂದು ಹೆಮ್ಮೆಯಿತ್ತು.

"ಅರ್ಧ ದಿನ ರಜಾನಾ?" ಪಕ್ಕದ ಮೇಜಿನ ಸಹೋದ್ಯೋಗಿ ಕೇಳಿದಳು. ಎಲ್ಲರ ಮನೆಯ ಸುದ್ದಿಯೂ ಬೇಕಾದ, ಆದರೆ ಕೆಟ್ಟವಳಲ್ಲದ ಹೆಂಗಸು.

"ಹೂಂ. ಮಗಳ ಕೆಲಸ."

"ಶಾಲೇದಾ?"

"ಅದೂ ಇದೆ."

"ಡಾಕ್ಟ್ರ ಹತ್ರ ಏನಾದ್ರೂ?"

"ಆ ಕಡೇನೇ."

"ಅಬ್ಬಬ್ಬಾ, ನಿಮ್ಮ ಬಾಯಿಂದ ಒಂದು ಮಾತು ಹೊರಡಿಸೋದು ಹಲ್ಲು ಕಿತ್ತಷ್ಟು ಕಷ್ಟ!" ಎಂದು ಅವಳು ಬಾಯ್ತುಂಬ ನಕ್ಕಳು. ಅವನೂ ನಕ್ಕ. ಹೆಬ್ಬೆರಳು ಬಲಗೆನ್ನೆಯ ಮೇಲೆ, ನಾಲ್ಕು ಬೆರಳು ಎಡಗೆನ್ನೆಯ ಮೇಲೆ, ಅಂಗೈ ಬಾಯಿಗೆ. ಕಚೇರಿಯವರಿಗೆ ಅದು ಅಭ್ಯಾಸವಾಗಿತ್ತು. ಯಾರೂ ಅದನ್ನು ಕೈ ಎಂದು ನೋಡುತ್ತಿರಲಿಲ್ಲ, ಅವನ ಮುಖದ ಒಂದು ಭಾಗ ಎಂದೇ ತಿಳಿದಿದ್ದರು.

ಮೂರು ವಾರದ ಹಿಂದೆ ಮಗಳ ತರಗತಿಯ ಶಿಕ್ಷಕಿ ಅವನನ್ನು ಕರೆಸಿದ್ದರು. ಹುಡುಗಿ ಪಾಠ ಓದುವಾಗಲೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ ಎಂದರು. ನಾಟಕಕ್ಕೆ ಸೇರುತ್ತೇನೆ ಎಂದವಳು ಆಮೇಲೆ ಬೇಡವೆಂದಳಂತೆ. ಹೋದ ವರ್ಷದ ತರಗತಿಯ ಫೋಟೋ ತೋರಿಸಿದರು: ಮೂರು ಸಾಲು ಮಕ್ಕಳು, ಎರಡನೆಯ ಸಾಲಿನಲ್ಲಿ ಮುಖದ ಬದಲು ಒಂದು ಅಂಗೈ.

"ಹಲ್ಲಿನದ್ದೇನಾದ್ರೂ ತೊಂದ್ರೆ ಇದೆಯಾ?" ಎಂದು ಶಿಕ್ಷಕಿ ಕೇಳಿದ್ದರು.

"ಹಲ್ಲಿಂದೇ," ಎಂದ ಅವನು ತಡಮಾಡದೆ. "ನನ್ನ ಕಡೆಯಿಂದ ಬಂದಿದೆ."

ಅನುಮಾನಕ್ಕೆ ಜಾಗವೇ ಇರಲಿಲ್ಲ. ಅವನಿಗೆ ಅದು ಅವನ ತಾಯಿಯಿಂದ ಬಂದಿತ್ತು. ಶಾಲೆಯಲ್ಲಿ ಅವನನ್ನು ಉಬ್ಬಲ್ಲ ಎಂದು ಕರೆಯುತ್ತಿದ್ದರು. ಹಾಜರಿ ಪುಸ್ತಕದ ಹೆಸರನ್ನು ಮೇಷ್ಟರು ಕೂಗಿದಾಗ ಅವನಿಗೇ ಥಟ್ಟನೆ ಹೊಳೆಯುತ್ತಿರಲಿಲ್ಲ. ಮದುವೆಯ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ಅವನೊಬ್ಬ ಸಾಲದ ಪತ್ರಕ್ಕೆ ಸಹಿ ಹಾಕಲು ಬಂದವನ ಹಾಗೆ ನಿಂತಿದ್ದಾನೆ. ಈಗ ಅದೇ ಪಾಡು ಮಗಳಿಗೂ. ಆ ರಾತ್ರಿ ಹೆಂಡತಿಗೆ ಹೇಳಿದಾಗ ಅವಳು ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ ಅವನನ್ನೇ ನೋಡಿದ್ದಳು.

"ತೋರ್ಸಿ. ತಪ್ಪೇನಿಲ್ಲ," ಎಂದಿದ್ದಳು, ಅಷ್ಟೇ.

ಅವನು ತೋರಿಸುವ ಮುಂಚೆ ಪರೀಕ್ಷೆ ಮಾಡುವವನು. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಮನೆಯಿಂದ ಎರಡು ಕಿಲೋಮೀಟರಿನೊಳಗಿನ ಹಲ್ಲಿನ ಡಾಕ್ಟರುಗಳನ್ನೆಲ್ಲ ಬರೆದುಕೊಂಡ. ನಾಲ್ಕು ರಸ್ತೆ ಕೂಡುವಲ್ಲಿನ ಗಾಜಿನ ಕ್ಲಿನಿಕ್ಕಿಗೆ ಮೊದಲು ಹೋದ. ಗೋಡೆಯ ತುಂಬ ಹಾಲುಬಿಳುಪಿನ ಹಲ್ಲಿನ ಗಂಡುಹೆಣ್ಣುಗಳು. ಮುಂದೆ ಕೂತಿದ್ದ ಹುಡುಗಿ, ಮಗಳ ವಿಚಾರ ಕೇಳಿಸಿಕೊಂಡು, ಇಬ್ಬರು ಒಟ್ಟಿಗೆ ಬಿಳುಪು ಮಾಡಿಸಿದರೆ ರಿಯಾಯಿತಿ ಇದೆ ಎಂದಳು. ಇಬ್ಬರು ಎನ್ನುವಾಗ ಅವಳ ಕಣ್ಣು ಅವನ ಬಾಯಿಯ ಮೇಲಿತ್ತು. ಅವನು ಥ್ಯಾಂಕ್ಸ್ ಹೇಳಿ ಹೊರಬಿದ್ದ. ಇನ್ನೊಬ್ಬ ಡಾಕ್ಟರು ಫೋನಿನಲ್ಲೇ "ಎಂಟು ತಿಂಗಳಲ್ಲಿ ನೆಟ್ಟಗಾಗುತ್ತೆ, ಗ್ಯಾರಂಟಿ" ಎಂದು ಸಾರಿದ. ನೋಡದೆ ತೂಕ ಹೇಳುವವರನ್ನು ಅವನು ನಂಬುವವನಲ್ಲ. ಆ ಹೆಸರಿನ ಮೇಲೂ ಗೆರೆ ಬಿತ್ತು.

ಕೊನೆಗೆ ಉಳಿದದ್ದು ಬೀಗ ರಿಪೇರಿಯವನ ಅಂಗಡಿಯ ಮೇಲಿನ ಮಹಡಿ. ಬೋರ್ಡಿನ ಬಣ್ಣ ಮಾಸಿತ್ತು. ಫೋನಿನಲ್ಲಿ ವಯಸ್ಸಾದ ಹೆಂಗಸಿನ ದನಿ: "ಮೊದ್ಲು ಕರ್ಕೊಂಡು ಬನ್ನಿ. ಕಣ್ಣಲ್ಲಿ ನೋಡ್ದೆ ನಾನೇನೂ ಹೇಳಲ್ಲ." ಅವನಿಗೆ ಹಿಡಿಸಿತು. ಇಂದು ಮಧ್ಯಾಹ್ನ ಎರಡು ಗಂಟೆಗೆ ಎಂದು ನಿಗದಿಯಾಯಿತು. ನಾಳೆ ಬೆಳಿಗ್ಗೆ ಈ ವರ್ಷದ ತರಗತಿಯ ಫೋಟೋ. ಒಂದು ದಿನದಲ್ಲಿ ಹಲ್ಲು ನೆಟ್ಟಗಾಗುವುದಿಲ್ಲ ಎಂಬುದು ಅವನಿಗೂ ಗೊತ್ತು. ಆದರೆ ಸರಿಹೋಗುತ್ತದೆ ಎಂಬ ಧೈರ್ಯವೊಂದು ಸಿಕ್ಕರೆ ಮಗಳು ನಾಳೆ ಕೈ ಇಳಿಸಿಯಾಳು ಎಂದು ಅವನ ಆಸೆ. ಈ ಒಂದು ವಿಷಯದಲ್ಲಾದರೂ ತಾನು ಅವಳಿಗೆ ಒಳ್ಳೆಯ ಅಪ್ಪನಾಗಬೇಕು.

ಶಾಲೆಯ ಗೇಟಿನ ಹತ್ತಿರ ಮಗಳು ಚೀಲ ಹೊತ್ತು ನಿಂತಿದ್ದಳು. ಹದಿಮೂರಕ್ಕೇ ಅವನ ಭುಜಕ್ಕೆ ಬಂದಿದ್ದಾಳೆ. ಯಾವಾಗ ಇಷ್ಟು ಬೆಳೆದಳು ಎಂದುಕೊಂಡ. ಪ್ರತಿ ಸಲವೂ ಹೀಗೇ ಅಂದುಕೊಳ್ಳುತ್ತಾನೆ.

"ಊಟ ಆಯ್ತಾ?"

"ಆಯ್ತು."

"ಹೆದ್ರಿಕೆ ಏನಿಲ್ಲ ತಾನೆ?"

"ಯಾವುದಕ್ಕೆ?"

"ಏನಿಲ್ಲ."

ಬಸ್ಸಿನಲ್ಲಿ ಮರದ ಕುರ್ಚಿ ಹೊತ್ತ ಒಬ್ಬ ಮುದುಕ ಹತ್ತಿದ. ಎಲ್ಲೂ ಜಾಗವಿರಲಿಲ್ಲ. ಕುರ್ಚಿಯನ್ನು ನಡುದಾರಿಯಲ್ಲಿ ಇಟ್ಟು, ಅದರ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತ. ಕಂಡಕ್ಟರು ಬಂದು ಟಿಕೆಟ್ ಎಂದ.

"ನಿಮ್ಮ ಸೀಟಲ್ಲಿ ನಾನೆಲ್ಲಿ ಕೂತಿದೀನಿ?" ಎಂದ ಮುದುಕ. "ನನ್ನ ಕುರ್ಚಿ ನಂದು."

"ಹಾಗಾದ್ರೆ ಕುರ್ಚಿ ಇಳೀಲಿ, ನೀವು ಬನ್ನಿ."

"ಅದು ಇಳ್ದ್ರೆ ಒಂದೇ ಹೇಗೆ ಮನೆಗೆ ಹೋಗುತ್ತೆ? ಅದಕ್ಕೆ ದಾರಿ ಗೊತ್ತಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರೂ ನಕ್ಕ. ಮಗಳ ಭುಜ ಕುಲುಕುತ್ತಿತ್ತು. ಅವಳ ಬಲಗೈ ಬಾಯಿಗೆ ಬಂದಿತ್ತು: ಹೆಬ್ಬೆರಳು ಬಲಗೆನ್ನೆಗೆ, ನಾಲ್ಕು ಬೆರಳು ಎಡಗೆನ್ನೆಗೆ. ಅವನು ನೋಡಿದ, ನೋಡದವನ ಹಾಗೆ ಕಿಟಕಿಯ ಕಡೆ ತಿರುಗಿದ. ಕಿಟಕಿಯ ಗಾಜಿನಲ್ಲಿ ಅವನ ಕೈಯೂ ಅಲ್ಲೇ ಇತ್ತು. ಪಾಪ, ಎಂದುಕೊಂಡ. ಏಳು ಮಿಲಿಮೀಟರು ಇರಲಾರದು, ಐದಾದರೂ ಇರಬೇಕು.

ಬೀಗದವನ ಅಂಗಡಿಯ ಪಕ್ಕದಲ್ಲಿ ಕಡಿದಾದ ಮೆಟ್ಟಿಲು. ಮೇಲೆ ಸಣ್ಣ ಕೋಣೆ, ಮೂರು ಕುರ್ಚಿ, ಲವಂಗದೆಣ್ಣೆಯ ವಾಸನೆ. ಅವರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಮೇಜಿನ ಮೇಲಿಟ್ಟಿದ್ದ ಹಾಳೆಯಲ್ಲಿ 'ತೊಂದರೆ' ಎಂಬಲ್ಲಿ ಅವನು ಗುಂಡಾದ ಅಕ್ಷರದಲ್ಲಿ ಬರೆದ: 'ಮಗಳ ಮುಂಬಲ್ಲು ಉಬ್ಬು. ಕ್ಲಿಪ್ಪು ಹಾಕಿಸುವುದು. ಸಾಧ್ಯವಾದರೆ ಬಿಳುಪು.' ಮಗಳು ಪಕ್ಕದಿಂದ ಬಗ್ಗಿ ಓದಿದಳು. ಇನ್ನೊಮ್ಮೆ ಓದಿ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

ಡಾಕ್ಟರಮ್ಮನಿಗೆ ಅರವತ್ತರ ಹತ್ತಿರ. ಕನ್ನಡಕ ದಾರದಲ್ಲಿ ಎದೆಯ ಮೇಲೆ ನೇತಾಡುತ್ತಿತ್ತು. ಬನ್ನಿ ಬನ್ನಿ ಎಂದು ನಕ್ಕಾಗ ಅವನು ನೋಡಿದ್ದು ಅವರ ಕೆಳಗಿನ ಸಾಲನ್ನು. ನಾಲ್ಕು ಹಲ್ಲು ಜಾಗ ಸಾಲದೆ ಒಂದನ್ನೊಂದು ನೂಕಿಕೊಂಡು ನಿಂತಿದ್ದವು, ಒಂದರ ತುದಿ ಮುಕ್ಕಾಗಿತ್ತು. ಹಲ್ಲಿನ ಡಾಕ್ಟರಿಗೇ ಹೀಗೆ! ಆ ಹೆಂಗಸಿಗೆ ನಾಚಿಕೆ ಎಂಬುದೇ ಇರಲಿಲ್ಲ. ಬಾಯಿ ಪೂರ್ತಿ ತೆರೆದು ನಗುತ್ತಿದ್ದರು.

"ಬಾ ಮರಿ, ಮೇಲೆ ಕೂತ್ಕೋ. ಬಾಯಿ ತೆಗಿ. ಇನ್ನೂ ಸ್ವಲ್ಪ. ಹಾಂ."

ದೀಪ ಹತ್ತಿತು. ಸಣ್ಣ ಕನ್ನಡಿ ಒಳಗೆ ಹೋಯಿತು. ಅವನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಬೇರೆಯವರ ಬಾಯೊಳಗೆ ನೋಡುವುದು, ಅದು ಮಗಳದ್ದೇ ಆದರೂ, ಬಚ್ಚಲಮನೆಗೆ ಇಣುಕಿದಷ್ಟು ಸಂಕೋಚ ಅವನಿಗೆ. ಕೆಳಗಿನಿಂದ ಬೀಗದವನು ಅರದಲ್ಲಿ ಉಜ್ಜುವ ಸದ್ದು ಬರುತ್ತಿತ್ತು.

"ಏನು ತೊಂದ್ರೆ ಅಂದ್ರಿ?" ಡಾಕ್ಟರಮ್ಮ ಕೇಳಿದರು.

"ಮೇಲಿನ ಸಾಲು ಮುಂದೆ ಬಂದಿದೆ. ಎಡಗಡೇದು ಪಕ್ಕದ್ದರ ಮೇಲೆ ಹತ್ತಿದೆ. ಬಣ್ಣಾನೂ ಸ್ವಲ್ಪ..."

"ನೀವು ನೋಡಿದೀರಾ?"

"ನೋಡಿ... ನಮ್ಮ ಮನೆತನದಲ್ಲೇ ಇದೆ."

"ಮನೆತನ ಇರ್ಲಿ. ಇಲ್ಲಿ ಬನ್ನಿ, ನೋಡಿ."

ಅವನು ಬಂದು ಬಗ್ಗಿದ. ಬಿಳಿಯ ಬೆಳಕಿನಲ್ಲಿ ಮಗಳ ಬಾಯಿ ತೆರೆದಿತ್ತು. ಸಣ್ಣ, ಒಂದೇ ಸಮನಾದ, ಪಕ್ಕಪಕ್ಕಕ್ಕೆ ಒಪ್ಪವಾಗಿ ನಿಂತ ಹಲ್ಲುಗಳು. ಹತ್ತಿದ್ದಿಲ್ಲ, ಸರಿದದ್ದಿಲ್ಲ. ಅವನ ಕೈ ಜೇಬಿನಲ್ಲಿದ್ದ ಅಳತೆಪಟ್ಟಿಯನ್ನು ಮುಟ್ಟಿ ಸುಮ್ಮನಾಯಿತು. ಅಳೆಯುವುದಕ್ಕೆ ಏನೂ ಇರಲಿಲ್ಲ. ಮಗಳ ಹಲ್ಲನ್ನು ಕೊನೆಯ ಸಲ ಯಾವಾಗ ನೋಡಿದ್ದು? ಏಳು ವರ್ಷದವಳಿದ್ದಾಗ, ಬಿದ್ದ ಹಾಲುಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಓಡಿಬಂದು, ಆ ಖಾಲಿ ಜಾಗವನ್ನು ತೋರಿಸಿದ್ದಳು. ಆಮೇಲೆ ಅಲ್ಲಿ ಏನು ಬಂತು ಎಂದು ಅವನು ನೋಡಿಯೇ ಇರಲಿಲ್ಲ. ಆರು ವರ್ಷ ದಿನಾ ಒಂದೇ ಮೇಜಿನಲ್ಲಿ ಎದುರು ಕೂತು ಉಂಡಿದ್ದಾನೆ.

"ಕ್ಲಿಪ್ಪು ಹಾಕೋದಕ್ಕೆ ಏನಾದ್ರೂ ಇರ್ಬೇಕಲ್ಲ ಸ್ವಾಮಿ," ಎಂದರು ಡಾಕ್ಟರಮ್ಮ. "ಇಷ್ಟು ಅಂದವಾದ ಸಾಲು ನನಗೆ ವರ್ಷಕ್ಕೆ ಎರಡು ಸಿಕ್ಕಿದ್ರೆ ಹೆಚ್ಚು. ಹದಿಮೂರಕ್ಕೆ ಬಿಳುಪಂತೂ ಬೇಡವೇ ಬೇಡ. ಬೆಳಗೆ ರಾತ್ರಿ ಸರಿಯಾಗಿ ಉಜ್ಜಿದ್ರೆ ಸಾಕು." ಮಗಳ ಕಡೆ ತಿರುಗಿದರು. "ಬಾಯಿ ಮುಚ್ಕೋ ಮರಿ. ಮತ್ಯಾಕೆ ನೀನು ಒಳಗೆ ಬರುವಾಗ ಕೈ ಅಡ್ಡ ಇಟ್ಕೊಂಡಿದ್ದೆ?"

ಮಗಳು ಭುಜ ಹಾರಿಸಿದಳು.

"ನಮ್ಮನೇಲಿ ಹಾಗೇ ನಗೋದು," ಎಂದಳು.

ಅವಳ ದನಿಯಲ್ಲಿ ದೂರಿರಲಿಲ್ಲ. ನಮ್ಮ ಮನೆಯಲ್ಲಿ ಚಪ್ಪಲಿ ಬಾಗಿಲ ಹೊರಗೆ ಬಿಡುತ್ತೇವೆ ಎಂದಂತೆ ಹೇಳಿದ್ದಳು. ದೂರಿದ್ದರೆ ಅವನಿಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಡಾಕ್ಟರಮ್ಮ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಬಾಯಿಗೆ ಅಡ್ಡ ಬಂದಿದ್ದ ಅವನ ಕೈಯನ್ನೂ ನೋಡಿದರು.

"ಹೇಗೂ ಬಂದಿದೀರ. ನೀವು ಕೂತ್ಕೊಳ್ಳಿ," ಎಂದರು ಮೆಲ್ಲಗೆ.

"ನಾನು... ಮಗಳಿಗೆ ಅಂತ ಬಂದಿದ್ದು."

"ಗೊತ್ತು. ಕೂತ್ಕೊಳ್ಳಿ."

ಅವನು ಕೂತ. ಬಾಯಿ ತೆರೆಯಿರಿ ಎಂದಾಗ ತುಟಿ ಒಪ್ಪಲಿಲ್ಲ. ಎರಡನೆಯ ಸಲಕ್ಕೆ ಒಪ್ಪಿತು. ಡಾಕ್ಟರಮ್ಮ ನೋಡುತ್ತಾ ಹೇಳುತ್ತಾ ಹೋದರು. ಈ ವಯಸ್ಸಿಗೂ ಕ್ಲಿಪ್ಪು ಹಾಕಬಹುದು, ಒಸಡು ಗಟ್ಟಿಯಿದೆ. ಪ್ರತಿ ಹಲ್ಲಿಗೂ ಒಂದು ಸಣ್ಣ ಗುಂಡಿ ಅಂಟಿಸಿ, ಅದರ ಮೂಲಕ ತಂತಿ ಎಳೆಯುವುದು. ತಂತಿ ಜೋರಾಗಿ ಎಳೆಯುವುದಿಲ್ಲ, ಬಿಡದೆ ಎಳೆಯುತ್ತದೆ. ಹಲ್ಲು ಸರಿಯುವ ಕಡೆ ಮೂಳೆ ಕರಗುತ್ತದೆ, ಹಿಂದೆ ಬಿಟ್ಟ ಕಡೆ ಹೊಸ ಮೂಳೆ ತುಂಬಿಕೊಳ್ಳುತ್ತದೆ. ತಿಂಗಳಿಗೆ ಹೆಚ್ಚೆಂದರೆ ಒಂದು ಮಿಲಿಮೀಟರು. ಜಾಗ ಮಾಡಲು ಪಕ್ಕದ ಎರಡು ಹಲ್ಲು ತೆಗೆಯಬೇಕಾದೀತು. ಒಟ್ಟು ಎರಡು ವರ್ಷ. ಆಮೇಲೆ ರಾತ್ರಿ ಮಲಗುವಾಗ ಹಾಕಿಕೊಳ್ಳಲು, ಹಲ್ಲನ್ನು ಹಿಡಿದಿಡುವ ಒಂದು ಕವಚ.

"ಎಷ್ಟು ದಿನ?"

"ಹಲ್ಲಿರೋವರ್ಗೂ. ಬಿಟ್ರೆ ಮೆಲ್ಲಗೆ ಹಳೇ ಜಾಗಕ್ಕೆ ಹೊರಟುಬಿಡ್ತವೆ."

"ಬಣ್ಣ?"

ಅವರು ಒಂದು ಪಟ್ಟಿ ತೆಗೆದರು. ಹದಿನಾರು ಸುಳ್ಳು ಹಲ್ಲುಗಳು ಸಾಲಾಗಿ, ಬಿಳುಪಿನಿಂದ ಕಂದಿನವರೆಗೆ, ಒಂದೊಂದಕ್ಕೂ ಒಂದು ಗುರುತು. ಅವನಿಗೆ ತನ್ನ ಕಚೇರಿಯ ಬಟ್ಟುಗಳ ಪೆಟ್ಟಿಗೆ ನೆನಪಾಗಿ ಸ್ವಲ್ಪ ಸಮಾಧಾನವಾಯಿತು. ಒಂದೊಂದನ್ನೇ ಅವನ ತುಟಿಯ ಹತ್ತಿರ ಹಿಡಿದು ಹದಿನಾಲ್ಕನೆಯದರ ಹತ್ತಿರ ನಿಲ್ಲಿಸಿದರು.

"ಇದರಿಂದ ನಾಲ್ಕೈದು ಮೆಟ್ಟಿಲು ಹತ್ತಿಸಬಹುದು. ಜಾಹೀರಾತಿನ ಚಿತ್ರದವರ ಹಾಗೆ ಆಗಲ್ಲ, ಆಗೋದೂ ಬೇಡ. ಆಮೇಲೆ ಸ್ವಲ್ಪ ದಿನ ತಣ್ಣೀರು ಕುಡಿದ್ರೆ ಜುಮ್ ಅನ್ನುತ್ತೆ. ಆದ್ರೆ ಬಿಳುಪು ಕೊನೇಗೆ. ಮೊದ್ಲೇ ಮಾಡಿದ್ರೆ ಗುಂಡಿ ಅಂಟಿಸಿದ ಜಾಗ ಬೇರೆ ಬಣ್ಣಕ್ಕೆ ನಿಲ್ಲುತ್ತೆ, ಕಿತ್ತಾಗ ಹಲ್ಲೆಲ್ಲ ಚೌಕ ಚೌಕ."

ಅವನು ಎಲ್ಲವನ್ನೂ ಮನಸ್ಸಿನಲ್ಲಿ ಕ್ರಮವಾಗಿ ಬರೆದುಕೊಂಡ. ಕೇಳಬೇಕಾದ ಒಂದೇ ಪ್ರಶ್ನೆ ಉಳಿದಿತ್ತು. ಮಗಳು ಬಾಗಿಲ ಹತ್ತಿರ ನಿಂತಿದ್ದಳು. ದನಿ ತಗ್ಗಿಸಿದ.

"ಇದೆಲ್ಲ ಸರಿ ಮಾಡ್ಸಿದ್ರೆ... ಕೈ ಹೋಗೋದು ನಿಲ್ಲುತ್ತಾ?"

ಡಾಕ್ಟರಮ್ಮ ಕನ್ನಡಕ ತೆಗೆದರು.

"ಒಬ್ರು ಇದಾರೆ, ನಾನೇ ಕ್ಲಿಪ್ಪು ಹಾಕಿದ್ದು. ತೆಗೆದು ಹನ್ನೊಂದು ವರ್ಷ ಆಯ್ತು. ಹಲ್ಲು ನೋಡಿದ್ರೆ ನನಗೇ ಹೊಟ್ಟೆಕಿಚ್ಚಾಗುತ್ತೆ. ಮೊನ್ನೆ ಬಂದಿದ್ರು, ಕೈ ಅಡ್ಡ ಹಿಡ್ಕೊಂಡೇ ನಕ್ರು." ಕನ್ನಡಕದ ಗಾಜು ಒರೆಸಿದರು. "ನಾನು ಹಲ್ಲು ಸರಿ ಮಾಡ್ತೀನಿ. ಕೈಗೆ ನನ್ನ ಹತ್ರ ತಂತಿ ಇಲ್ಲ."

ಆದರೂ ಅಚ್ಚು ತೆಗೆಸಿಕೊಂಡರೆ ನಷ್ಟವಿಲ್ಲ ಎಂದರು. ಅದರಲ್ಲಿ ಸುಣ್ಣದಂಥ ಪ್ಲಾಸ್ಟರು ಹುಯ್ದು ತೆಗೆದ ಬಾಯಿಯ ಪಡಿಯಚ್ಚು ಮನೆಯಲ್ಲಿಟ್ಟುಕೊಂಡು ನೋಡಬಹುದು, ಯೋಚಿಸಬಹುದು. ಅವನು ತಲೆಯಾಡಿಸಿದ. ಏನಾದರೂ ಮಾಡಿಸಿಕೊಂಡು ಹೋಗದಿದ್ದರೆ ಅರ್ಧ ದಿನದ ರಜೆಗೆ ಅರ್ಥವಿರುವುದಿಲ್ಲ ಎಂದುಕೊಂಡ.

ಬಾಯಿಯ ಆಕಾರದ ಸಣ್ಣ ಉಕ್ಕಿನ ತಟ್ಟೆಯಲ್ಲಿ ಗುಲಾಬಿ ಬಣ್ಣದ ಹಸಿ ಹಿಟ್ಟಿನಂಥದ್ದನ್ನು ತುಂಬಿ ಮೊದಲು ಕೆಳಗಿನ ಸಾಲಿಗೆ, ಆಮೇಲೆ ಮೇಲಿನದಕ್ಕೆ ಒತ್ತಿದರು. ಗಂಟಲಿನವರೆಗೂ ಬಂತು. ಉಬ್ಬಳಿಸಿತು, ಕಣ್ಣಲ್ಲಿ ನೀರು ಸುರಿಯಿತು. ಮೂಗಿನಲ್ಲಿ ಉಸಿರಾಡಿ ಎಂದರು. ಯಾರೋ ಅವನ ತೋಳಿನ ಬಟ್ಟೆ ಹಿಡಿದುಕೊಂಡರು. ಮಗಳು. ಬಾಗಿಲಿನಿಂದ ಯಾವಾಗ ಬಂದಳೋ. ತಟ್ಟೆ ಹೊರಬಂದ ಮೇಲೂ ಅವನು ಬಾಯಿ ಮುಚ್ಚಲಾಗದೆ ಏದುಸಿರು ಬಿಡುತ್ತಿದ್ದ. ಒಂದು ಕೈ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದಿತ್ತು, ಇನ್ನೊಂದನ್ನು ಮಗಳು ಹಿಡಿದಿದ್ದಳು. ಮುಚ್ಚಿಕೊಳ್ಳಲು ಕೈ ಉಳಿದಿರಲಿಲ್ಲ. ಅವಳು ಅವನ ಬಾಯೊಳಗೆ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ನೋಡದೇ ಇದ್ದುದನ್ನು ನೋಡುತ್ತಿದ್ದಳು.

"ಇಷ್ಟೇನಾ ಅಪ್ಪ?" ಎಂದಳು.

ಪಡಿಯಚ್ಚು ಗಟ್ಟಿಯಾಗಲು ಮುಕ್ಕಾಲು ಗಂಟೆ ಬೇಕೆಂದರು. ಎದುರಿನ ರಸ್ತೆಯ ಬೆಂಚಿನ ಮೇಲೆ ಇಬ್ಬರೂ ಕೂತರು. ಮುಂದಿನ ಅಂಗಡಿಯಲ್ಲಿ ಒಬ್ಬಳು ಕಿಟಕಿಯ ಗಾಜು ಒರೆಸುತ್ತಿದ್ದಳು. ಅವನ ನಾಲಿಗೆಗೆ ಇನ್ನೂ ಆ ಹಿಟ್ಟಿನ ರುಚಿ.

"ನಿನ್ನ ಹಲ್ಲು ಚೆನ್ನಾಗಿದೆ," ಎಂದ ಅವನು.

"ಗೊತ್ತು."

"ಗೊತ್ತಾ?"

"ಕನ್ನಡಿ ಇದೆಯಲ್ಲ."

"ಮತ್ತೆ ನನ್ನ ಜೊತೆ ಯಾಕೆ ಬಂದೆ?"

"ನೀನು ರಜಾ ಹಾಕಿದ್ದೆ." ಅವಳು ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ನೀನು ನನ್ನ ಜೊತೆ ಎಲ್ಲಿಗಾದ್ರೂ ಬಂದು ಎಷ್ಟು ದಿನ ಆಯ್ತು."

ಅವನಿಗೆ ಅಳು ಬರುವ ಹಾಗಾಯಿತು.

"ನಾಳೆ ಫೋಟೋದಲ್ಲಿ ಕೈ ಇಳಿಸ್ತೀಯಾ?"

"ಇಳಿಸ್ಬೇಕು ಅಂತಾನೇ ಇರ್ತೀನಿ. ಅದೇ ಹೋಗುತ್ತೆ." ಬೆರಳಿಗೆ ಸುತ್ತಿದ್ದ ದಾರ ಬಿಚ್ಚುತ್ತಾ ಸೇರಿಸಿದಳು, "ನಾಟಕದಲ್ಲೂ ಹಾಗೇ ಆಯ್ತು. ನಗೋ ರಾಣಿ ಪಾರ್ಟು ಕೊಟ್ಟಿದ್ರು."

ಗಾಜು ಒರೆಸುತ್ತಿದ್ದವಳು ಬಕೆಟ್ಟಿನ ನೀರು ಚೆಲ್ಲಿ ಒಳಗೆ ಹೋದಳು.

ಪಡಿಯಚ್ಚನ್ನು ರಟ್ಟಿನ ಡಬ್ಬಿಯಲ್ಲಿ ಕೊಟ್ಟರು. ಮನೆಗೆ ಬಂದಾಗ ಸಂಜೆ ಆರು. ಗ್ರಂಥಾಲಯದ ಕೆಲಸದಿಂದ ಹೆಂಡತಿ ಆಗಲೇ ಬಂದಿದ್ದಳು. ಮಗಳು ಕೈಕಾಲು ತೊಳೆಯಲು ಹೋದಾಗ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಅವಳ ಹಲ್ಲಿಗೆ ಏನೂ ಆಗಿಲ್ಲ."

"ಹೂಂ."

"ನಿನಗೆ ಗೊತ್ತಿತ್ತಾ?"

"ಹೆತ್ತವಳು ರೀ ನಾನು."

"ಮತ್ತೆ ಅವತ್ತೇ ಹೇಳ್ಬಾರ್ದಿತ್ತಾ?"

ಅವಳು ಒಲೆ ಸಣ್ಣ ಮಾಡಿದಳು. "ಒಂದ್ಸಲ ನೀವೇ ನೋಡ್ಲಿ ಅಂತ."

ಅವಳು ಅವನ ಕಡೆ ತಿರುಗದೆ ಹೇಳಿದಳು:

"ಮದುವೆ ಹೊಸದರಲ್ಲಿ ನಾನು ಜೋರಾಗಿ ನಗ್ತಿದ್ದೆ. ನಮ್ಮ ಮನೇಲಿ ನನಗೆ ಗಂಟೆ ಅಂತಾನೇ ಕರೀತಿದ್ರು. ನಾನು ನಕ್ಕಾಗಲೆಲ್ಲ ನೀವು ಆಚೆ ನೋಡ್ತಿದ್ರಿ. ನಿಮಗೆ ನೋವಾಗುತ್ತೇನೋ ಅನ್ನಿಸ್ತು. ಆಮೇಲೆ ನಾನೂ ಕೈ ಇಟ್ಕೊಂಡೆ. ಈಗ ತೆಗೀಬೇಕು ಅಂದ್ರೂ ಬರಲ್ಲ."

ಹದಿನೇಳು ವರ್ಷ. ಹೆಂಡತಿ ಬಾಯಿ ಮುಚ್ಚಿ ನಗುವವಳು ಎಂದೇ ಅವನು ತಿಳಿದಿದ್ದ. ಅದು ಅವಳ ಸ್ವಭಾವ, ಗಂಭೀರ ಹೆಂಗಸು ಎಂದು ಒಳಗೊಳಗೇ ಮೆಚ್ಚಿಕೊಂಡಿದ್ದ. ನಾನು ಆಚೆ ನೋಡಿದ್ದು ನೋವಾಗಿ ಅಲ್ಲ, ನಿನ್ನ ನಗು ನನಗೆ ಇಷ್ಟವಾಗಿತ್ತು, ಅದರ ಎದುರು ನನ್ನ ಬಾಯಿ ಕಾಣಬಾರದು ಅಂತ, ಎಂದು ಹೇಳಬೇಕೆನಿಸಿತು.

"ಊಟಕ್ಕೆ ತಟ್ಟೆ ಇಡ್ಲಾ?" ಎಂದ.

ಊಟದ ಮೇಜಿನ ಮೇಲೆ ಮಗಳು ಆಗಲೇ ಡಬ್ಬಿ ಬಿಚ್ಚಿದ್ದಳು. ಸುಣ್ಣದ ಎರಡು ತುಂಡು, ಮೇಲಿನದು, ಕೆಳಗಿನದು. ಒಂದರ ಮೇಲೊಂದು ಇಟ್ಟರೆ ಅವನ ಬಾಯಿ. ತುಟಿಯಿಲ್ಲ, ಕೆನ್ನೆಯಿಲ್ಲ, ಕಣ್ಣಿಲ್ಲ. ಹತ್ತಿದ ಹಲ್ಲೂ ಉಬ್ಬಿದ ಸಾಲೂ ಹಾಗ್ಹಾಗೇ. ಆದರೆ ಬಣ್ಣ ಮಾತ್ರ ಅಚ್ಚ ಬಿಳುಪು, ಪಟ್ಟಿಯ ಮೊದಲನೆಯ ಹಲ್ಲಿಗಿಂತ ಬಿಳುಪು. ಹೆಂಡತಿ ಬಗ್ಗಿ ನೋಡಿದಳು. ಅವಳೂ ಅದನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲೇನೋ.

ಅವನಿಗೆ ಒಂದು ಯೋಚನೆ ಬಂತು. ಹೇಳಲು ನಾಚಿಕೆಯಾಯಿತು, ಆದರೂ ಹೇಳಿದ.

"ನಾಳೆ ಫೋಟೋ ಇದೆ. ಮೂವರೂ ಈಗ ಒಂದ್ಸಲ ನಗೋಣ. ಕೈ ಮೇಜಿನ ಕೆಳಗೆ."

"ಈಗಲಾ?" ಎಂದಳು ಮಗಳು.

"ಈಗಲೇ. ನಾನು ಮೊದಲು."

ಮೂವರೂ ಕೂತು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಅವನು ನಗಲು ಹೊರಟ. ಹಲ್ಲು ಕಿರಿದದ್ದು ಆಯಿತು, ನಗು ಬರಲಿಲ್ಲ. ಮಗಳು ಕಣ್ಣು ತಗ್ಗಿಸಿ ತಟ್ಟೆ ನೋಡಿದಳು. ಹೆಂಡತಿ ಪ್ರಯತ್ನಿಸಿದಳು, ತುಟಿ ನಡುಗಿತು, ಅಷ್ಟೇ. ನಗು ಆಜ್ಞೆಗೆ ಬರುವ ಜಾತಿಯದಲ್ಲ. ಮೇಜಿನ ನಡುವೆ ಆ ಪಡಿಯಚ್ಚೊಂದು ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಬಾಯ್ತುಂಬ ನಗುತ್ತಾ ಕೂತಿತ್ತು.

ಅನ್ನ ಆರುತ್ತಿತ್ತು. ಹೆಂಡತಿ ಪಡಿಯಚ್ಚನ್ನೂ ಅವನನ್ನೂ ಒಮ್ಮೆ ನೋಡಿ ಗಂಭೀರವಾಗಿ ಕೇಳಿದಳು:

"ಇದಕ್ಕೂ ಒಂದು ತಟ್ಟೆ ಹಾಕ್ಲಾ?"

ಮಗಳಿಗೆ ತಡೆಯಲಾಗಲಿಲ್ಲ. ಮೊದಲು ಮೂಗಿನಿಂದ ಸಿಡಿಯಿತು, ಆಮೇಲೆ ಮೈಯೆಲ್ಲ ಕುಲುಕಿತು. ಹೆಂಡತಿಗೂ ಅಂಟಿತು. ಅವನ ಹೊಟ್ಟೆಯ ಆಳದಿಂದ ಏನೋ ಎದ್ದು ಬಂತು, ವರ್ಷಗಟ್ಟಲೆ ಬಾರದಿದ್ದುದು, ಕಣ್ಣಲ್ಲಿ ನೀರು ತರಿಸುವಂಥದ್ದು. ಮೂವರೂ ನಕ್ಕರು, ನಕ್ಕು ನಕ್ಕು ಸುಸ್ತಾದರು. ಕಣ್ಣೀರಿನ ನಡುವೆ ಅವನು ತಲೆ ಎತ್ತಿ ನೋಡಿದ. ಮಗಳ ಬಲಗೈ ಅವಳ ಬಾಯಿಯ ಮೇಲಿತ್ತು. ಹೆಂಡತಿಯದು ಅವಳ ಬಾಯಿಯ ಮೇಲಿತ್ತು. ತನ್ನ ಕೈ ಎಲ್ಲಿದೆ ಎಂದು ಅವನು ನೋಡಬೇಕಾಗಿರಲಿಲ್ಲ. ಅಂಗೈಗೆ ಬಿಸಿಯುಸಿರು ತಾಗುತ್ತಿತ್ತು.

ಮಗಳೂ ಅದನ್ನು ಕಂಡಳು. ಅವನ ಕಡೆ, ಅಮ್ಮನ ಕಡೆ ನೋಡಿದಳು. ನಗು ಇನ್ನೂ ನಿಂತಿರಲಿಲ್ಲ. ಖಾಲಿಯಿದ್ದ ಎಡಗೈಯನ್ನು ಮೇಜಿನ ಮೇಲೆ ಚಾಚಿ, ಅವಳು ಆ ಸುಣ್ಣದ ಬಾಯಿಯನ್ನೂ ಮೆಲ್ಲಗೆ ಮುಚ್ಚಿದಳು.